ಶಾಂತಿಗೆ ವಂತಿಗೆಯೋ, ದೇಣಿಗೆಯೋ?

ಜನರಲ್ ತಿಮ್ಮಯ್ಯ ಯಾರಿಗೆ ಗೊತ್ತಿಲ್ಲ? ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ. ಅವರ ‘ಸನ್ನಿ ಸೈಡ್’ ಮನೆ ಈಗ ಮ್ಯೂಸಿಯಂ ಆಗಿದೆ. 1948ರಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಕಥೆಯನ್ನು ಕೊಡಗಿನಲ್ಲಿ ಇವತ್ತಿಗೂ ಹೇಳುತ್ತಾರೆ. ಆದರೆ ಅವರ ಕೊನೆಯ ಕೆಲಸದ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಸೇನೆಯಿಂದ ನಿವೃತ್ತರಾದ ಮೇಲೆ, 1964ರ ಜುಲೈನಲ್ಲಿ, ಅವರು ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪಕ್ಕೆ ಹೋದರು. ಅಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಕಮಾಂಡರ್ ಆದರು. 1965ರ ಡಿಸೆಂಬರ್ 18ರಂದು, ಕೆಲಸದಲ್ಲಿದ್ದಾಗಲೇ, ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಆ ಪಡೆ ಹುಟ್ಟಿದ್ದು ಮೂರು ತಿಂಗಳ ಲೆಕ್ಕದಲ್ಲಿ. 1964ರ ಮಾರ್ಚ್ 4ರ ಭದ್ರತಾ ಮಂಡಳಿಯ ನಿರ್ಣಯದಲ್ಲಿ ಹಾಗೇ ಬರೆದಿತ್ತು. 60 ವರ್ಷ ದಾಟಿದೆ, ಪಡೆ ಇನ್ನೂ ಅಲ್ಲೇ ಇದೆ. ಈ ಲೇಖನ ಬರೆಯಲು ಹೊರಟಿದ್ದಕ್ಕೆ ಕಾರಣ ಅದೇ ನಿರ್ಣಯದ ಇನ್ನೊಂದು ಸಾಲು. ಖರ್ಚು ಯಾರದ್ದು? ಸೈನಿಕರನ್ನು ಕಳಿಸುವ ದೇಶಗಳು ಮತ್ತು ಸೈಪ್ರಸ್ ಸರ್ಕಾರ ತಮ್ಮಲ್ಲೇ ಮಾತಾಡಿಕೊಂಡು ನೋಡಿಕೊಳ್ಳಲಿ, ಬೇರೆಯವರು ಇಷ್ಟಪಟ್ಟು ಕೊಟ್ಟರೆ ಮಹಾ ಕಾರ್ಯದರ್ಶಿ ತೆಗೆದುಕೊಳ್ಳಬಹುದು. ನಿರ್ಣಯ ಹೇಳಿದ್ದು ಇಷ್ಟೇ. ಅಂದರೆ, ಒಂದು ದ್ವೀಪದ ಜನ ಒಬ್ಬರನ್ನೊಬ್ಬರು ಕೊಲ್ಲದ ಹಾಗೆ ತಡೆಯುವ ಕೆಲಸ ಶುರುವಾಗಿದ್ದು ದೇಣಿಗೆಯ ನಂಬಿಕೆ ಮೇಲೆ.

ನಮ್ಮ ಊರ ಜಾತ್ರೆಗಳನ್ನು ನೆನಪಿಸಿಕೊಳ್ಳಿ. ಜಾತ್ರೆಗೆ ದುಡ್ಡು ಎರಡು ದಾರಿಯಲ್ಲಿ ಬರುತ್ತದೆ. ಒಂದು ವಂತಿಗೆ. ಊರವರು ಕೂತು ಮನೆಗಿಷ್ಟು ಅಂತ ಗೊತ್ತು ಮಾಡುತ್ತಾರೆ. ಉಳ್ಳವರ ಮನೆಗೆ ಜಾಸ್ತಿ, ಇಲ್ಲದವರ ಮನೆಗೆ ಕಡಿಮೆ. ಆದರೆ ಕೊಡಲೇಬೇಕು, ಅದು ಊರಿನ ಲೆಕ್ಕ. ಇನ್ನೊಂದು ದೇಣಿಗೆ. ಯಾರಾದರೂ ಮನಸ್ಸು ಮಾಡಿ ಕೊಡುತ್ತಾರೆ, ಹೆಸರು ಹಾಕಿಸಿಕೊಳ್ಳುತ್ತಾರೆ, ಮುಂದಿನ ವರ್ಷ ಕೊಡದೆಯೂ ಇರಬಹುದು. ದೇಣಿಗೆಯಿಂದ ದೀಪಾಲಂಕಾರ ಆಗುತ್ತದೆ. ತೇರು ಎಳೆಯೋದು ಮಾತ್ರ ವಂತಿಗೆಯಿಂದಲೇ.

ಜಗತ್ತಿನಲ್ಲಿ ಶಾಂತಿಗೆ ಸಿಗುವ ಹಣವನ್ನು ಅರ್ಥ ಮಾಡಿಕೊಳ್ಳಲು ಈ ಎರಡು ಮಾತು ಸಾಕು ಅಂತ ನನಗೆ ಅನ್ನಿಸುತ್ತದೆ. ವಿಶ್ವಸಂಸ್ಥೆಯ ಸಾಮಾನ್ಯ ಬಜೆಟ್ ಮತ್ತು ಶಾಂತಿಪಾಲನಾ ಬಜೆಟ್ ಎರಡೂ ಹೆಚ್ಚುಕಮ್ಮಿ ವಂತಿಗೆಯೇ. ದೇಶದ ಆದಾಯ ನೋಡಿ ಪಾಲು ಹಾಕುತ್ತಾರೆ. ಶಾಂತಿಪಾಲನೆಯ ಲೆಕ್ಕದಲ್ಲಿ ವೀಟೊ ಇರುವ ಐದು ದೇಶಗಳಿಗೆ ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಅನ್ನ, ಔಷಧಿ, ನಿರಾಶ್ರಿತರ ಶಿಬಿರ, ಗಲಾಟೆ ಆಗುವ ಮೊದಲೇ ಮಾಡುವ ಸಂಧಾನ, ಯುದ್ಧ ನಿಂತ ಮೇಲೆ ಊರು ಕಟ್ಟುವ ಕೆಲಸ, ಇವೆಲ್ಲ ಬಹುಪಾಲು ನಡೆಯುವುದು ದೇಣಿಗೆಯ ಮೇಲೆ.

ಈಗ ಸೈಪ್ರಸ್‌ಗೆ ವಾಪಸ್ ಬರೋಣ. ದೇಣಿಗೆ ನಂಬಿದರೆ ಏನಾಗುತ್ತದೆ ಅನ್ನೋದನ್ನು ಅದು 29 ವರ್ಷ ತೋರಿಸಿತು.

ಕಾಂಗೋದ ಜಗಳ, ಸೈಪ್ರಸ್‌ನ ಬಿಲ್

1964ರಲ್ಲಿ ವಿಶ್ವಸಂಸ್ಥೆ ಅಂಥ ವಿಚಿತ್ರ ಏರ್ಪಾಟಿಗೆ ಯಾಕೆ ಒಪ್ಪಿತು? ಅದಕ್ಕೆ ಕಾರಣ ಕಾಂಗೋ. 1960ರಲ್ಲಿ ಅಲ್ಲಿಗೆ ಹೋದ ಶಾಂತಿಪಡೆ ದೊಡ್ಡದು, ಖರ್ಚೂ ದೊಡ್ಡದು. ಭಾರತದ ಸೈನಿಕರೂ ಅಲ್ಲಿದ್ದರು. 1961ರ ಡಿಸೆಂಬರ್‌ನಲ್ಲಿ ಕಾಂಗೋದ ಕಟಾಂಗ ಪ್ರಾಂತ್ಯದಲ್ಲಿ ಪ್ರಾಣ ಕೊಟ್ಟ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಬಂದಿದ್ದು ಅಲ್ಲಿನ ಹೋರಾಟಕ್ಕೆ. ಆದರೆ ಆ ಪಡೆಯ ಖರ್ಚಿನ ಪಾಲು ಕೊಡೋದಿಲ್ಲ ಅಂತ ಸೋವಿಯತ್ ಒಕ್ಕೂಟ ಮತ್ತು ಫ್ರಾನ್ಸ್ ಹಟ ಹಿಡಿದವು. ವಿಷಯ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1962ರ ಜುಲೈ 20ರಂದು ನ್ಯಾಯಾಲಯ ತನ್ನ ಅಭಿಪ್ರಾಯ ಹೇಳಿತು: ಈ ಖರ್ಚು ಸಂಸ್ಥೆಯದ್ದೇ, ಸದಸ್ಯರ ಮೇಲೆ ಪಾಲು ಹಾಕಬಹುದು. ಆದರೂ ಅವರು ಕೊಡಲಿಲ್ಲ.

ಎರಡು ವರ್ಷದ ಪಾಲಿನಷ್ಟು ಬಾಕಿ ಉಳಿಸಿಕೊಂಡ ದೇಶ ಸಾಮಾನ್ಯ ಸಭೆಯಲ್ಲಿ ಮತ ಹಾಕುವ ಹಕ್ಕು ಕಳೆದುಕೊಳ್ಳುತ್ತದೆ. ವಿಶ್ವಸಂಸ್ಥೆಯ ಸನ್ನದಿನ 19ನೇ ವಿಧಿ ಹೇಳೋದು ಅದನ್ನೇ. ಅದನ್ನು ಸೋವಿಯತ್ ಒಕ್ಕೂಟದ ಮೇಲೆ ಪ್ರಯೋಗಿಸಿದರೆ ಸಂಸ್ಥೆಯೇ ಒಡೆದು ಹೋಗಬಹುದು ಅನ್ನುವ ಭಯ ಎಲ್ಲರಿಗೂ ಇತ್ತು. ಹಾಗಾಗಿ 1964ರ ಅಧಿವೇಶನವನ್ನು ಮತಕ್ಕೆ ಹಾಕದೆ ಸಾಗಿಸಿದರು. ಇಡೀ ಜಗತ್ತಿನ ಸಭೆ ತಿಂಗಳುಗಟ್ಟಲೆ ಮತದಾನ ತಪ್ಪಿಸಿಕೊಂಡು ಕೂತಿತ್ತು. ಬಾಕಿ ಬಿಲ್ಲಿಗೆ ಅಷ್ಟು ಶಕ್ತಿ ಇದೆ.

ಸೈಪ್ರಸ್ ಹೊತ್ತಿ ಉರಿಯಲು ಶುರುವಾಗಿದ್ದು ಇದೇ ಹೊತ್ತಿನಲ್ಲಿ. 1963ರ ಡಿಸೆಂಬರ್ 21ರಿಂದ ಗ್ರೀಕ್ ಸೈಪ್ರಿಯಟ್ ಮತ್ತು ಟರ್ಕಿಶ್ ಸೈಪ್ರಿಯಟ್ ಸಮುದಾಯಗಳ ನಡುವೆ ಕೊಲೆಗಳು ನಡೆದವು. ಜನ ಊರು ಬಿಟ್ಟು ಓಡಿದರು. ಪಡೆ ಬೇಗ ಬೇಕಿತ್ತು. ವಂತಿಗೆಯ ಮಾತೆತ್ತಿದರೆ ಮತ್ತೆ ಜಗಳ. ಹೀಗಾಗಿ ದೇಣಿಗೆಯ ದಾರಿ ಹಿಡಿದರು. ಆ ಗಳಿಗೆಗೆ ಅದು ಸರಿಯೇ ಇತ್ತು ಅನ್ನಬೇಕು. 1964ರ ಬೇಸಿಗೆಯಲ್ಲಿ 6,000ಕ್ಕೂ ಜಾಸ್ತಿ ಸೈನಿಕರು ಅಲ್ಲಿದ್ದರು. ತಿಮ್ಮಯ್ಯ ಹೋದ ಮರುತಿಂಗಳೇ, ಆಗಸ್ಟ್‌ನಲ್ಲಿ, ಟರ್ಕಿಯ ವಿಮಾನಗಳು ವಾಯವ್ಯ ಕರಾವಳಿಯ ಕೊಕ್ಕಿನಾ ಭಾಗದಲ್ಲಿ ಬಾಂಬ್ ಹಾಕಿದವು. ಗ್ರೀಸ್ ಮತ್ತು ಟರ್ಕಿ ನೇರ ಯುದ್ಧಕ್ಕೆ ಇಳಿಯುವ ಹಂತ ಅದು. ಕದನವಿರಾಮ ಆಯಿತು. ಅಂಥ ಹೊತ್ತಿನಲ್ಲಿ ಎರಡೂ ಕಡೆಯವರ ಜೊತೆ ಮಾತಾಡಬಲ್ಲ ಪಡೆಯೊಂದು ಅಲ್ಲೇ ಇತ್ತು ಅನ್ನೋದು ಸಣ್ಣ ಮಾತಲ್ಲ.

ಆದರೆ ಮೂರು ತಿಂಗಳು ಮೂರು ವರ್ಷವಾಯಿತು, ಹತ್ತಾಯಿತು, ಇಪ್ಪತ್ತಾಯಿತು. 1974ರಲ್ಲಿ ಗ್ರೀಸ್‌ನ ಸೇನಾಡಳಿತದ ಬೆಂಬಲದಿಂದ ಕ್ಷಿಪ್ರಕ್ರಾಂತಿ ನಡೆಯಿತು. ಐದೇ ದಿನದಲ್ಲಿ ಟರ್ಕಿಯ ಸೇನೆ ಬಂದಿಳಿಯಿತು. ದ್ವೀಪ ಎರಡಾಯಿತು. ನಡುವೆ 180 ಕಿಲೋಮೀಟರ್ ಉದ್ದದ ತಟಸ್ಥ ಪಟ್ಟಿ. ಅದನ್ನು ಕಾಯುವ ಕೆಲಸ ಈ ಪಡೆಯದ್ದೇ ಆಯಿತು. ಕೆಲಸ ಜಾಸ್ತಿಯಾಗುತ್ತಾ ಹೋಯಿತು, ದೇಣಿಗೆ ಕಡಿಮೆಯಾಗುತ್ತಾ ಬಂತು. ಸೈನಿಕರನ್ನು ಕಳಿಸಿದ ದೇಶಗಳಿಗೆ ಹತ್ತು ವರ್ಷಕ್ಕೂ ಹಳೆಯ ಬಿಲ್‌ಗಳ ಹಣ ಬಂದಿರಲಿಲ್ಲ. 1990ರ ದಶಕ ಬರುವ ಹೊತ್ತಿಗೆ ಕೊರತೆ ಸುಮಾರು 20 ಕೋಟಿ ಡಾಲರ್ ಮುಟ್ಟಿತ್ತು. ಸ್ವೀಡನ್ ತನ್ನ ತುಕಡಿ ವಾಪಸ್ ಕರೆಸಿಕೊಂಡಿತು. ಡೆನ್ಮಾರ್ಕ್ ಹೊರಟಿತು. 29 ವರ್ಷ ಕಾವಲು ನಿಂತಿದ್ದ ಕೆನಡಾ ಕೂಡ 1993ರಲ್ಲಿ ಹೊರಟುಬಿಟ್ಟಿತು. ಸೋತು ಹೋದದ್ದಲ್ಲ, ಕೈಯಿಂದ ಹಾಕಿ ಹಾಕಿ ಸಾಕಾಗಿ ಹೋದದ್ದು.

ಆಗ ಭದ್ರತಾ ಮಂಡಳಿ ಇದನ್ನು ವಂತಿಗೆಗೆ ಸೇರಿಸಲು ನೋಡಿತು. 1993ರ ಮೇ 11ರಂದು ರಷ್ಯಾ ವೀಟೊ ಹಾಕಿತು. ಸೋವಿಯತ್ ಒಕ್ಕೂಟ ಮುರಿದ ಮೇಲೆ ರಷ್ಯಾ ಹಾಕಿದ ಮೊಟ್ಟಮೊದಲ ವೀಟೊ ಅದು. ಅದನ್ನು ಬಳಸಿದ್ದು ಅಣ್ವಸ್ತ್ರದ ವಿಷಯಕ್ಕಲ್ಲ, ಗಡಿಯ ವಿಷಯಕ್ಕಲ್ಲ, ಒಂದು ಸಣ್ಣ ದ್ವೀಪದ ಪಡೆಯ ಖರ್ಚು ಯಾರು ಕೊಡಬೇಕು ಅನ್ನೋದಕ್ಕೆ. ಎರಡು ವಾರ ಮಾತುಕತೆ ನಡೆದು ಮೇ 27ರಂದು 831ನೇ ನಿರ್ಣಯ ಬಂತು. ಕೊನೆಗೆ ಆದ ಏರ್ಪಾಟು ಹೀಗಿತ್ತು: ಮೂರನೇ ಒಂದು ಭಾಗ ಸೈಪ್ರಸ್ ಕೊಡುತ್ತದೆ, ಗ್ರೀಸ್ ವರ್ಷಕ್ಕೆ 65 ಲಕ್ಷ ಡಾಲರ್ ಕೊಡುತ್ತದೆ, ಉಳಿದದ್ದು ಎಲ್ಲ ಸದಸ್ಯ ದೇಶಗಳ ವಂತಿಗೆ. ಇಂದಿಗೂ ಅದೇ ಏರ್ಪಾಟು. ಪಡೆಗೆ ಉಸಿರು ಬಂತು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಸುಮಾರು 800 ಸೈನಿಕರು ಮತ್ತು ಒಂದಿಷ್ಟು ಪೊಲೀಸರು ಇದ್ದರು.

ಇಷ್ಟು ವರ್ಷ ಪಡೆ ಇಟ್ಟು ಶಾಂತಿ ಬಂತಾ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಒಪ್ಪಂದ ಆಗಿಲ್ಲ. 2004ರ ಜನಮತಗಣನೆಯಲ್ಲಿ, ದ್ವೀಪವನ್ನು ಮತ್ತೆ ಒಂದು ಮಾಡುವ ಆಗಿನ ಮಹಾ ಕಾರ್ಯದರ್ಶಿ ಕೋಫಿ ಅನ್ನಾನ್ ಅವರ ಯೋಜನೆಗೆ ಟರ್ಕಿಶ್ ಸೈಪ್ರಿಯಟರಲ್ಲಿ ಸುಮಾರು ಶೇ 65 ಜನ ಹೌದು ಅಂದರು, ಗ್ರೀಕ್ ಸೈಪ್ರಿಯಟರಲ್ಲಿ ಸುಮಾರು ಶೇ 76 ಜನ ಬೇಡ ಅಂದರು. 2017ರಲ್ಲಿ ಸ್ವಿಟ್ಜರ್‌ಲೆಂಡ್‌ನಲ್ಲಿ ನಡೆದ ಮಾತುಕತೆಯೂ ಮುರಿದುಬಿತ್ತು. ಪಡೆ ಇದೆ ಅನ್ನುವ ನೆಮ್ಮದಿಯಲ್ಲೇ ನಾಯಕರು ಒಪ್ಪಂದವನ್ನು ಮುಂದೆ ಹಾಕುತ್ತಾ ಬಂದರು ಅನ್ನುವ ಟೀಕೆಯಲ್ಲೂ ಹುರುಳಿದೆ. ಆದರೆ 1974ರ ಆಮೇಲೆ ಅಲ್ಲಿ ಯುದ್ಧ ಮರುಕಳಿಸಿಲ್ಲ. ಒಂದು ಪೀಳಿಗೆ ಪೂರ್ತಿ ಗುಂಡಿನ ಸದ್ದಿಲ್ಲದೆ ಬೆಳೆದಿದೆ. ನಾನು ಅದನ್ನು ಸೋಲು ಅಂತ ಕರೆಯಲಾರೆ.

ಆಗದ ಗಲಾಟೆಗೆ ಲೆಕ್ಕ ಎಲ್ಲಿ

ತಡೆಯುವ ಕೆಲಸದ ಕಷ್ಟವೇ ಇದು. ಗಣೇಶ ಹಬ್ಬ, ಈದ್ ಮಿಲಾದ್ ಹತ್ತಿರ ಬಂದಾಗ ನಮ್ಮ ಊರುಗಳ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಎರಡೂ ಕಡೆಯ ಹಿರಿಯರು ಬರುತ್ತಾರೆ. ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ಡೋಲು ಎಲ್ಲಿ ನಿಲ್ಲಿಸಬೇಕು, ಹುಡುಗರನ್ನು ಯಾರು ನೋಡಿಕೊಳ್ಳಬೇಕು, ಎಲ್ಲ ಮಾತಾಗುತ್ತದೆ. ಚಹಾ, ಬಿಸ್ಕತ್ತು, ಒಂದು ಸಂಜೆ. ಖರ್ಚು ಅಷ್ಟೇ. ಹಬ್ಬ ಸುಸೂತ್ರವಾಗಿ ಮುಗಿದರೆ ಮರುದಿನದ ಪೇಪರ್‌ನಲ್ಲಿ ‘ನಿನ್ನೆ ಗಲಾಟೆ ಆಗಲಿಲ್ಲ’ ಅಂತ ಯಾರೂ ಬರೆಯುವುದಿಲ್ಲ. ಗಲಾಟೆ ಆದರೆ ಮಾತ್ರ ಹೆಚ್ಚುವರಿ ಪಡೆ ಬರುತ್ತದೆ, ಪರಿಹಾರ ಬರುತ್ತದೆ, ಮಂತ್ರಿಗಳು ಬರುತ್ತಾರೆ.

ದೇಶಗಳ ಮಟ್ಟದಲ್ಲೂ ಇದೇ ಕಥೆ. 2016ರ ಡಿಸೆಂಬರ್‌ನಲ್ಲಿ ಗಾಂಬಿಯಾದ ಅಧ್ಯಕ್ಷ ಯಾಹ್ಯಾ ಜಮ್ಮೆ ಚುನಾವಣೆಯಲ್ಲಿ ಸೋತರು. ಮೊದಲು ಸೋಲು ಒಪ್ಪಿ, ಒಂದು ವಾರ ಕಳೆದ ಮೇಲೆ ಮಾತು ಬದಲಿಸಿದರು. ಪಶ್ಚಿಮ ಆಫ್ರಿಕಾದ ನೆರೆ ದೇಶಗಳು ಸೈನ್ಯ ಸಜ್ಜು ಮಾಡಿದವು. ಜೊತೆಗೇ ಆ ದೇಶಗಳ ಅಧ್ಯಕ್ಷರೂ ವಿಶ್ವಸಂಸ್ಥೆಯ ಪ್ರತಿನಿಧಿ ಮೊಹಮ್ಮದ್ ಇಬ್ನ್ ಚಂಬಾಸ್ ಅವರೂ ಓಡಾಡಿ ಮಾತಾಡಿದರು. 2017ರ ಜನವರಿ 21ರಂದು ಜಮ್ಮೆ ದೇಶ ಬಿಟ್ಟು ಹೋದರು. ರಕ್ತ ಹರಿಯಲಿಲ್ಲ. ಆಮೇಲೆ ವಿಶ್ವಸಂಸ್ಥೆಯ ಶಾಂತಿ ನಿರ್ಮಾಣ ನಿಧಿಯಿಂದ ಹಣ ಹೋಗಿ, 22 ವರ್ಷದ ದಬ್ಬಾಳಿಕೆಯ ಸತ್ಯ ಹೇಳಿಸುವ ಆಯೋಗಕ್ಕೆ, ಪೊಲೀಸ್ ಮತ್ತು ಸೇನೆಯ ಸುಧಾರಣೆಗೆ ನೆರವಾಯಿತು. ಗಾಂಬಿಯಾದಲ್ಲಿ ಯುದ್ಧ ನಡೆದಿದ್ದರೆ ಅದರ ಹೆಸರು ನಮಗೆಲ್ಲ ಬಾಯಿಪಾಠ ಆಗಿರುತ್ತಿತ್ತು.

ವಿಶ್ವಸಂಸ್ಥೆ ಮತ್ತು ವಿಶ್ವಬ್ಯಾಂಕ್ ಸೇರಿ 2018ರಲ್ಲಿ ಒಂದು ಅಂದಾಜು ಮಾಡಿದ್ದವು. ಸಂಘರ್ಷವನ್ನು ಮೊದಲೇ ತಡೆಯಲು ಸರಿಯಾಗಿ ಹಣ ಹಾಕಿದರೆ ವರ್ಷಕ್ಕೆ 500 ಕೋಟಿಯಿಂದ 7,000 ಕೋಟಿ ಡಾಲರ್‌ವರೆಗೆ ಉಳಿಯುತ್ತದೆ ಅಂತ. ಕೆಳಗಿನ ಲೆಕ್ಕಕ್ಕೂ ಮೇಲಿನ ಲೆಕ್ಕಕ್ಕೂ ಅಷ್ಟು ಅಂತರ ಯಾಕೆ? ಆಗದ ಯುದ್ಧವನ್ನು ಅಳೆಯುವುದು ಅಷ್ಟು ಕಷ್ಟ. ಇದೇ ಕಾರಣಕ್ಕೆ ಹಣಕಾಸು ಮಂತ್ರಿಗಳನ್ನು ಒಪ್ಪಿಸುವುದೂ ಕಷ್ಟ. ಕೆಳಗಿನ ಅಂದಾಜನ್ನೇ ಹಿಡಿದರೂ, ಅದು ವಿಶ್ವಸಂಸ್ಥೆಯ ಎಲ್ಲ ಶಾಂತಿಪಡೆಗಳ ಒಂದು ವರ್ಷದ ಖರ್ಚಿಗೆ ಹತ್ತಿರ ಹತ್ತಿರ ಬರುತ್ತದೆ.

ಶಾಂತಿ ನಿರ್ಮಾಣ ನಿಧಿ ಅಂದೆನಲ್ಲ, ಅದು ಹುಟ್ಟಿದ್ದು 2006ರಲ್ಲಿ. ಯುದ್ಧ ನಿಂತ ದೇಶಗಳು ಕೆಲವೇ ವರ್ಷಗಳಲ್ಲಿ ಮತ್ತೆ ಯುದ್ಧಕ್ಕೆ ಜಾರುತ್ತಿದ್ದವು. ಶಾಂತಿಪಡೆ ಹೊರಟ ಮೇಲೆ, ಅಭಿವೃದ್ಧಿಯ ಹಣ ಬರುವ ಮೊದಲು, ಒಂದು ಖಾಲಿ ಜಾಗ ಇರುತ್ತಿತ್ತು. ಅದನ್ನು ತುಂಬಲು 2005ರ ಡಿಸೆಂಬರ್‌ನಲ್ಲಿ ಒಂದು ಆಯೋಗ ಮಾಡಿ, ಬೆನ್ನಿಗೇ ಈ ನಿಧಿ ಮಾಡಿದರು. ಮೊದಲು ಕೈಗೆತ್ತಿಕೊಂಡದ್ದು ಬುರುಂಡಿ ಮತ್ತು ಸಿಯೆರಾ ಲಿಯೋನ್. ಆಯೋಗದಲ್ಲಿ ಭಾರತ ಮೊದಲಿನಿಂದಲೂ ಇದೆ. ಆದರೆ ನಿಧಿಯನ್ನು ಕಟ್ಟಿದ್ದು ಪೂರ್ತಿ ದೇಣಿಗೆಯ ಮೇಲೆ. 1964ರಲ್ಲಿ ಮಾಡಿದ ತಪ್ಪನ್ನೇ, 1993ರ ಪಾಠ ಕಲಿತ ಮೇಲೂ, ಮತ್ತೆ ಮಾಡಿದರು. ಹೆಚ್ಚಿನ ಹಣ ಕೊಡುವವರು ಬೆರಳೆಣಿಕೆಯ ದೇಶಗಳು, ಅದರಲ್ಲೂ ಯುರೋಪಿನವೇ ಜಾಸ್ತಿ. ಅವರ ದೇಶದಲ್ಲಿ ಸರ್ಕಾರ ಬದಲಾದರೆ ಇಲ್ಲಿ ನಿಧಿ ಕುಗ್ಗುತ್ತದೆ.

ವರ್ಷಗಟ್ಟಲೆ ವಾದ ನಡೆಯಿತು. ಮಹಾ ಕಾರ್ಯದರ್ಶಿ ಗುಟೆರೆಸ್ ವರ್ಷಕ್ಕೆ 10 ಕೋಟಿ ಡಾಲರ್ ವಂತಿಗೆಯಿಂದ ಕೊಡಿ ಅಂತ ಕೇಳಿದರು. 2023ರ ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆ ಒಪ್ಪಿದ್ದು 5 ಕೋಟಿ, ಅದೂ 2025ರಿಂದ. ಕೇಳಿದ್ದರಲ್ಲಿ ಅರ್ಧ. ಆದರೂ ನನಗೆ ಅದು ದೊಡ್ಡ ಸುದ್ದಿ ಅನ್ನಿಸಿತ್ತು. ಶಾಂತಿ ಕಟ್ಟುವುದು ಯಾರೋ ನಾಲ್ಕು ಜನರ ಉದಾರತೆ ಅಲ್ಲ, ಎಲ್ಲರ ಬಾಧ್ಯತೆ ಅಂತ ಮೊದಲ ಸಲ ಲೆಕ್ಕದ ಪುಸ್ತಕದಲ್ಲಿ ಬರೆದರು. ನಮ್ಮ ಪೇಪರ್‌ಗಳಲ್ಲಿ ಅದು ಒಂದು ಕಾಲಂ ಕೂಡ ಆಗಲಿಲ್ಲ.

ಮೂಳೆ ಜೋಡಿಸುವ ಮೇಜು

ಹಣ ಸರಿಯಾಗಿ, ಸತತವಾಗಿ ಬಂದರೆ ಏನಾಗುತ್ತದೆ? ಅದನ್ನೂ ಸೈಪ್ರಸ್‌ನಲ್ಲೇ ನೋಡಬಹುದು.

ರಾಜಧಾನಿ ನಿಕೋಸಿಯಾದ ಹಳೆಯ ವಿಮಾನ ನಿಲ್ದಾಣ 1974ರಿಂದ ಮುಚ್ಚಿದೆ. ಹಾರದೆ ಉಳಿದ ಒಂದು ಟ್ರೈಡೆಂಟ್ ವಿಮಾನ ಇನ್ನೂ ಅಲ್ಲೇ ಬಿಸಿಲಿಗೆ ನಿಂತಿದೆ. ಆ ಆವರಣ ವಿಶ್ವಸಂಸ್ಥೆಯ ರಕ್ಷಿತ ಪ್ರದೇಶ. ಅದರೊಳಗೆ ಒಂದು ಪ್ರಯೋಗಾಲಯ ಇದೆ. ಉದ್ದದ ಮೇಜುಗಳ ಮೇಲೆ ಮೂಳೆಗಳನ್ನು ತಲೆಯಿಂದ ಪಾದದವರೆಗೆ ಮನುಷ್ಯ ಮಲಗಿದ ಹಾಗೆ ಜೋಡಿಸುತ್ತಾರೆ. ತೊಳೆದು, ಒಣಗಿಸಿ, ಒಂದೊಂದೇ ತುಂಡು ಹೊಂದಿಸಿ. ಡಿಎನ್‌ಎ ಪರೀಕ್ಷೆಗೆ ಮೂಳೆಯ ಚಿಕ್ಕ ಚೂರು ಕತ್ತರಿಸಿ ಕಳಿಸುತ್ತಾರೆ. ಬಂಧುಗಳು ಕೊಟ್ಟ ರಕ್ತದ ಮಾದರಿ ಜೊತೆ ತಾಳೆ ನೋಡುತ್ತಾರೆ. ಮೇಜಿನ ಒಂದು ಕಡೆ ಗ್ರೀಕ್ ಸೈಪ್ರಿಯಟ್ ವಿಜ್ಞಾನಿ, ಇನ್ನೊಂದು ಕಡೆ ಟರ್ಕಿಶ್ ಸೈಪ್ರಿಯಟ್ ವಿಜ್ಞಾನಿ. ಈ ಕೆಲಸ ಅವರಿಗೆ ಕಲಿಸಿದ್ದು ಅರ್ಜೆಂಟೀನಾದ ತಜ್ಞರು. ಸೇನಾಡಳಿತ ಕೊಂದು ಹೂತವರನ್ನು ತಮ್ಮ ದೇಶದಲ್ಲಿ ಹುಡುಕಿ ಹುಡುಕಿ ಪಳಗಿದವರು.

1963–64 ಮತ್ತು 1974ರಲ್ಲಿ ಕಾಣೆಯಾದವರ ಪಟ್ಟಿಯಲ್ಲಿ 2,002 ಹೆಸರಿತ್ತು. 1,510 ಗ್ರೀಕ್ ಸೈಪ್ರಿಯಟರು, 492 ಟರ್ಕಿಶ್ ಸೈಪ್ರಿಯಟರು. ಅವರನ್ನು ಹುಡುಕುವ ಸಮಿತಿ ಆದದ್ದು 1981ರಲ್ಲಿ. ಎರಡೂ ಸಮುದಾಯದಿಂದ ಒಬ್ಬೊಬ್ಬರು, ಮೂರನೆಯವರು ವಿಶ್ವಸಂಸ್ಥೆ ನೇಮಿಸಿದವರು. 25 ವರ್ಷ ಆ ಸಮಿತಿ ಒಂದು ಗುಂಡಿಯನ್ನೂ ಅಗೆಯಲಿಲ್ಲ. 2006ರಲ್ಲಿ ಅಗೆತ ಶುರುವಾಯಿತು. ರಾಜಕೀಯ ಒಪ್ಪಿಗೆ ಸಿಕ್ಕಿತ್ತು, ಜೊತೆಗೆ ಹಣವೂ ಬಂತು. ಅಂದಿನಿಂದ ಅತಿ ದೊಡ್ಡ ದಾನಿ ಯುರೋಪಿಯನ್ ಒಕ್ಕೂಟ. ವರ್ಷದಿಂದ ವರ್ಷಕ್ಕೆ ಬಿಡದೆ ಕೊಟ್ಟಿದೆ. ಇದುವರೆಗೆ ಸಾವಿರಕ್ಕೂ ಜಾಸ್ತಿ ಜನರ ಗುರುತು ಸಿಕ್ಕಿದೆ. ಅಷ್ಟು ಮನೆಗಳಿಗೆ ಮೂಳೆಗಳು ಮರಳಿವೆ, ಅಂತ್ಯಕ್ರಿಯೆ ಆಗಿದೆ.

ಯಾರು ಕೊಂದರು, ಹೇಗೆ ಸತ್ತರು ಅಂತ ಈ ಸಮಿತಿ ಹೇಳುವುದಿಲ್ಲ. ಅದಕ್ಕೆ ಆ ಅಧಿಕಾರ ಇಲ್ಲ. ಇದು ಹಲವು ಬಂಧುಗಳಿಗೆ ನೋವಿನ ವಿಷಯ, ನನಗೂ ಸರಿ ಅನ್ನಿಸುವುದಿಲ್ಲ. ಆದರೆ ಆ ಷರತ್ತಿನಿಂದಲೇ ಎಷ್ಟೋ ಸಾಕ್ಷಿಗಳು ಬಾಯಿ ಬಿಟ್ಟಿದ್ದಾರೆ. ಬಾವಿಗಳಲ್ಲಿ, ಹೊಲಗಳಲ್ಲಿ, ಎಲ್ಲಿ ಹೂತರು ಅಂತ ತೋರಿಸಿದ್ದಾರೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಹಳೆಯದು, ನೆಲದ ಕೆಳಗಿನದು. ನಿಕೋಸಿಯಾ ನಗರದ ಒಳಚರಂಡಿ. ಊರು ಎರಡಾದಾಗ ಪೈಪ್‌ಗಳ ಜಾಲ ಬಹುಪಾಲು ದಕ್ಷಿಣಕ್ಕೆ, ಕೊಳಚೆ ಶುದ್ಧ ಮಾಡುವ ಘಟಕ ಉತ್ತರಕ್ಕೆ ಸಿಕ್ಕಿತು. ಗಡಿ ಎಳೆಯಬಹುದು, ಆದರೆ ಕೊಳಚೆ ಇಳಿಜಾರಿನ ಕಡೆಗೇ ಹರಿಯುತ್ತದೆ. 1978ರಲ್ಲಿ, ಯುದ್ಧ ಮುಗಿದು ನಾಲ್ಕೇ ವರ್ಷಕ್ಕೆ, ಎರಡು ಕಡೆಯ ಮೇಯರ್‌ಗಳಾದ ಲೆಲ್ಲೋಸ್ ದಿಮಿತ್ರಿಯಾದಿಸ್ ಮತ್ತು ಮುಸ್ತಫಾ ಅಕಿಂಜಿ ಕೂತು ಮಾತಾಡಿದರು. ಒಂದೇ ಒಳಚರಂಡಿ ವ್ಯವಸ್ಥೆ ನಡೆಸಲು ಒಪ್ಪಿದರು. ಮರುವರ್ಷ ವಿಶ್ವಸಂಸ್ಥೆಯ ನೆರವಿನಿಂದ ಇಡೀ ನಗರಕ್ಕೆ ಜಂಟಿ ಮಾಸ್ಟರ್ ಪ್ಲಾನ್ ಶುರುವಾಯಿತು. ಎರಡೂ ಕಡೆಯ ಎಂಜಿನಿಯರ್‌ಗಳು ಒಂದೇ ನಕ್ಷೆಯ ಮೇಲೆ ಬಗ್ಗಿದರು. ಇತ್ತೀಚೆಗೆ ಬಂದ ಹೊಸ ಶುದ್ಧೀಕರಣ ಘಟಕವೂ ಉತ್ತರದಲ್ಲೇ ಇದೆ. ಅದಕ್ಕೆ ದಕ್ಷಿಣದ ಒಳಚರಂಡಿ ಮಂಡಳಿ ಮತ್ತು ಯುರೋಪಿಯನ್ ಒಕ್ಕೂಟ ಸೇರಿ ಹಣ ಹಾಕಿವೆ. ಅಕಿಂಜಿ 2015ರಲ್ಲಿ ಟರ್ಕಿಶ್ ಸೈಪ್ರಿಯಟ್ ನಾಯಕರಾಗಿ ಆಯ್ಕೆಯಾದರು, ಮಾತುಕತೆಯ ಮೇಜಿಗೆ ಬಂದರು.

ಈ ಕೆಲಸಗಳಿಗೆಲ್ಲ ಬೇಕಾದದ್ದು ಸಮಯ. ಆದರೆ ಬಿಕ್ಕಟ್ಟಿಗೆ ಕೊಡುವ ಹಣಕ್ಕೆ ಸಮಯದ ಮಿತಿ ಇರುತ್ತದೆ. ಯುರೋಪಿಯನ್ ಒಕ್ಕೂಟ 2014ರಿಂದ 2020ರವರೆಗೆ ಸ್ಥಿರತೆ ಮತ್ತು ಶಾಂತಿಗೆ ಅಂತಲೇ ಸುಮಾರು 230 ಕೋಟಿ ಯೂರೋದ ಒಂದು ವ್ಯವಸ್ಥೆ ಇಟ್ಟಿತ್ತು. ಎಲ್ಲಾದರೂ ದಿಢೀರ್ ಬಿಕ್ಕಟ್ಟು ಬಂದರೆ ವಾರಗಳಲ್ಲಿ ಹಣ ಬಿಡುಗಡೆ ಮಾಡಬಹುದಿತ್ತು. ಅದು ಒಳ್ಳೆಯದೇ. ಆದರೆ ಅಂಥ ತುರ್ತು ಯೋಜನೆಯ ಅವಧಿ 18 ತಿಂಗಳು, ವಿಸ್ತರಿಸಿದರೂ 30 ತಿಂಗಳು. ಒಂದು ಊರಿನಲ್ಲಿ ಎರಡು ಗುಂಪಿನವರು ಒಂದೇ ಅಂಗಡಿಯಲ್ಲಿ ಸಾಮಾನು ಕೊಳ್ಳಲು ಶುರು ಮಾಡುವ ಹೊತ್ತಿಗೆ ಯೋಜನೆ ಮುಗಿದಿರುತ್ತದೆ. ಕೆಲಸಗಾರರು ಕೊನೆಯ ಆರು ತಿಂಗಳು ರಿಪೋರ್ಟ್ ಬರೆಯುವುದರಲ್ಲಿ, ಮುಂದಿನ ಪ್ರಪೋಸಲ್ ತಯಾರಿಸುವುದರಲ್ಲಿ ಕಳೆಯುತ್ತಾರೆ. 2021ರಲ್ಲಿ ಆ ವ್ಯವಸ್ಥೆಯನ್ನು 7,950 ಕೋಟಿ ಯೂರೋದ ಒಂದು ದೊಡ್ಡ ನಿಧಿಯೊಳಗೆ ಸೇರಿಸಿದರು. ಲೆಕ್ಕ ಸರಳವಾಯಿತು, ಆದರೆ ಶಾಂತಿಗೆ ಅಂತಲೇ ಇದ್ದ ಬೇರೆ ನಿಧಿ ಉಳಿಯಲಿಲ್ಲ.

ಅದೇ ವರ್ಷ ಇನ್ನೊಂದು ನಿಧಿಗೆ ಶಾಂತಿಯ ಹೆಸರು ಬಂತು, ಯುರೋಪಿಯನ್ ಪೀಸ್ ಫೆಸಿಲಿಟಿ ಅಂತ. ಸೇನೆಗೆ ಸಂಬಂಧಿಸಿದ ಖರ್ಚನ್ನು ಒಕ್ಕೂಟದ ಬಜೆಟ್‌ನಿಂದ ಮಾಡುವ ಹಾಗಿಲ್ಲ ಅಂತ ಅವರ ಒಪ್ಪಂದದಲ್ಲೇ ಇದೆ. ಅದಕ್ಕೇ ಬಜೆಟ್‌ನ ಹೊರಗೆ ಇದನ್ನು ಇಟ್ಟರು. ರಷ್ಯಾ ಉಕ್ರೇನ್ ಮೇಲೆ ಬಿದ್ದ ಮೇಲೆ ಇದರ ಬಹುಪಾಲು ಹೋದದ್ದು ಉಕ್ರೇನ್‌ಗೆ ಕೊಟ್ಟ ಶಸ್ತ್ರಾಸ್ತ್ರದ ವೆಚ್ಚ ಭರಿಸಲು. ಮಿತಿಯನ್ನು 1,700 ಕೋಟಿ ಯೂರೋಗೂ ಮೇಲೆ ಏರಿಸಿದರು. ದಾಳಿಗೆ ಒಳಗಾದ ದೇಶ ತನ್ನನ್ನು ಕಾಪಾಡಿಕೊಳ್ಳಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ಆತಂಕ ಬೇರೆ. ಮೂರೇ ವರ್ಷದಲ್ಲಿ ಮೂರು ಪಟ್ಟು ಹಣ ಹುಡುಕಲು ಸಾಧ್ಯ ಅಂತ ಇದು ತೋರಿಸಿತು. ಅಂಥ ಅವಸರವನ್ನು ಜಗಳ ತಡೆಯುವ ಕೆಲಸಕ್ಕೆ ಯಾವ ರಾಜಧಾನಿಯೂ ತೋರಿಸಿಲ್ಲ.

2025ರ ಪೆಟ್ಟು

ಆಮೇಲೆ ಬಂದದ್ದು 2025. ಫೆಬ್ರವರಿಯಲ್ಲಿ ಬ್ರಿಟನ್ ಒಂದು ನಿರ್ಧಾರ ಹೇಳಿತು: ರಕ್ಷಣಾ ಖರ್ಚು ಜಾಸ್ತಿ ಮಾಡಲು ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 0.3ಕ್ಕೆ ಇಳಿಸುತ್ತೇವೆ, 2027ರ ಹೊತ್ತಿಗೆ. ಅಮೆರಿಕ ತನ್ನ ನೆರವು ಸಂಸ್ಥೆ ಯುಎಸ್‌ಏಡ್ ಅನ್ನೇ ಮುಚ್ಚಿತು, ಉಳಿದ ಕೆಲಸವನ್ನು ಜುಲೈ 1ರಿಂದ ವಿದೇಶಾಂಗ ಇಲಾಖೆಗೆ ಸೇರಿಸಿತು. ಸೈಪ್ರಸ್‌ನ ಎರಡು ಸಮುದಾಯಗಳ ಜಂಟಿ ಕೆಲಸಗಳಿಗೆ ಹಿಂದೆ ವರ್ಷಗಳ ಕಾಲ ಹಣ ಕೊಟ್ಟ ಸಂಸ್ಥೆ ಅದು. ಆ ವರ್ಷ ಜಗತ್ತಿನ ತುರ್ತು ನೆರವಿಗೆ 4,700 ಕೋಟಿ ಡಾಲರ್ ಬೇಕು ಅಂತ ಕೇಳಿದ್ದ ವಿಶ್ವಸಂಸ್ಥೆ, ಜೂನ್‌ನಲ್ಲಿ ಪಟ್ಟಿಯನ್ನು 2,900 ಕೋಟಿಗೆ ಕಡಿದುಕೊಂಡಿತು. ಹಸಿದವರು ಕಡಿಮೆಯಾಗಿದ್ದರು ಅಂತಲ್ಲ. ಅಷ್ಟೂ ಸಿಗುವುದಿಲ್ಲ ಅಂತ ಗೊತ್ತಾಗಿತ್ತು.

ಇವು ದೇಣಿಗೆಯ ಮಾತು. ವಂತಿಗೆಯ ಕಥೆಯಾದರೂ ಚೆನ್ನಾಗಿದೆಯಾ? ಇಲ್ಲ. ಶಾಂತಿಪಾಲನೆಯ ಬಜೆಟ್ 2024–25ರಲ್ಲಿ ಸುಮಾರು 560 ಕೋಟಿ ಡಾಲರ್. ಅದೇ 2024ರಲ್ಲಿ ಜಗತ್ತಿನ ಎಲ್ಲ ದೇಶಗಳ ಸೇನಾ ಖರ್ಚು ಸುಮಾರು 2.7 ಲಕ್ಷ ಕೋಟಿ ಡಾಲರ್. ಸೇನೆಗೆ ಸಾವಿರ ರೂಪಾಯಿ ಹಾಕಿದಾಗ ಶಾಂತಿಪಡೆಗೆ ಬರೀ ಎರಡು ರೂಪಾಯಿ. ಆ ಎರಡು ರೂಪಾಯಿಯೂ ಪೂರ್ತಿ ಬರುವುದಿಲ್ಲ. ಅಮೆರಿಕದ ಪಾಲು ಸುಮಾರು ಶೇ 26, ಚೀನಾದ್ದು ಸುಮಾರು ಶೇ 24. ಅಮೆರಿಕ ತನ್ನದೇ ಕಾನೂನಿನ ಪ್ರಕಾರ ಶೇ 25ಕ್ಕಿಂತ ಜಾಸ್ತಿ ಕೊಡುವುದಿಲ್ಲ. ಹೀಗೆ ವರ್ಷದಿಂದ ವರ್ಷಕ್ಕೆ ಬಾಕಿ ಬೆಳೆಯುತ್ತದೆ, ಅದರ ಮೇಲೆ 2025ರಲ್ಲಿ ಕೊಡಬೇಕಾದ ಹಣದಲ್ಲೂ ಬಹಳಷ್ಟನ್ನು ತಡೆಯಿತು. ಚೀನಾ ಕೊಡುತ್ತದೆ, ಆದರೆ ತಡವಾಗಿ. 2025ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ ಒಂಬತ್ತು ಕಾರ್ಯಾಚರಣೆಗಳಿಂದ ನಾಲ್ಕನೇ ಒಂದು ಭಾಗ ಪಡೆಯನ್ನು, ಅಂದರೆ 13,000ದಿಂದ 14,000 ಸೈನಿಕರು ಮತ್ತು ಪೊಲೀಸರನ್ನು, ಮನೆಗೆ ಕಳಿಸುವ ನಿರ್ಧಾರ ಹೇಳಿತು. ಅಲ್ಲಿ ಶಾಂತಿ ನೆಲೆಸಿತು ಅಂತಲ್ಲ, ದುಡ್ಡಿಲ್ಲ ಅಂತ.

ನಮ್ಮ ದೇಶಕ್ಕೆ ಇದು ದೂರದ ಸುದ್ದಿ ಅಲ್ಲ. 2025ರಲ್ಲಿ ಭಾರತದ 5,000ಕ್ಕೂ ಜಾಸ್ತಿ ಜನ ಈ ಪಡೆಗಳಲ್ಲಿದ್ದರು, ಕಾಂಗೋದಲ್ಲಿ, ದಕ್ಷಿಣ ಸುಡಾನ್‌ನಲ್ಲಿ, ಲೆಬನಾನ್‌ನಲ್ಲಿ. ಒಬ್ಬ ಸೈನಿಕನಿಗೆ ತಿಂಗಳಿಗೆ 1,400 ಡಾಲರ್‌ಗೂ ಸ್ವಲ್ಪ ಜಾಸ್ತಿ ಲೆಕ್ಕದಲ್ಲಿ ವಿಶ್ವಸಂಸ್ಥೆ ಅವರ ಸರ್ಕಾರಕ್ಕೆ ಮರುಪಾವತಿ ಮಾಡಬೇಕು. 2019ರ ಮಾರ್ಚ್ ಹೊತ್ತಿಗೆ ಭಾರತಕ್ಕೆ ಬರಬೇಕಿದ್ದ ಬಾಕಿ 3.8 ಕೋಟಿ ಡಾಲರ್ ಇತ್ತು. ಭಾರತವಾದರೋ ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯ ಬಜೆಟ್‌ನ ತನ್ನ ವಂತಿಗೆಯನ್ನು ಜನವರಿಯಲ್ಲೇ ಕಟ್ಟುವವರ ಪಟ್ಟಿಯಲ್ಲಿದೆ. ಅದಕ್ಕೆ ಹೆಮ್ಮೆಪಡಬೇಕು. ಹಾಗೆಯೇ ಇನ್ನೊಂದು ಮಾತನ್ನೂ ಹೇಳಬೇಕು. ಶಾಂತಿ ನಿರ್ಮಾಣ ನಿಧಿಗೆ ಭಾರತ 2021ರಲ್ಲಿ ಕೊಟ್ಟದ್ದು 1.5 ಲಕ್ಷ ಡಾಲರ್. ತಿಮ್ಮಯ್ಯ ಅವರಂಥವರನ್ನು ಕೊಟ್ಟ ದೇಶ, ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನ ಕೇಳುವ ದೇಶ, ಇದಕ್ಕಿಂತ ದೊಡ್ಡ ಮನಸ್ಸು ಮಾಡಬಹುದು ಅಂತ ನನಗೆ ಅನ್ನಿಸುತ್ತದೆ. ಅಷ್ಟೇ ಅಲ್ಲ, ದೇಣಿಗೆ ಸಾಕು, ವಂತಿಗೆಯ ಪಾಲು ಬೆಳೆಸೋಣ ಅಂತ ಗಟ್ಟಿಯಾಗಿ ಕೇಳುವ ಅರ್ಹತೆಯೂ ನಮಗಿದೆ. ಸೈನಿಕರನ್ನೂ ಕೊಟ್ಟು, ವಂತಿಗೆಯನ್ನೂ ವೇಳೆಗೆ ಸರಿಯಾಗಿ ಕಟ್ಟುವವರ ಮಾತಿಗೆ ಆ ಸಭೆಯಲ್ಲಿ ತೂಕ ಇರುತ್ತದೆ.

ನಿಕೋಸಿಯಾದ ಆ ಮೇಜುಗಳ ಮೇಲೆ ಇನ್ನೂ ಕೆಲಸ ನಡೆಯುತ್ತಿದೆ. 900ಕ್ಕೂ ಜಾಸ್ತಿ ಜನ ಇನ್ನೂ ಪಟ್ಟಿಯಲ್ಲೇ ಉಳಿದಿದ್ದಾರೆ. ಈಚೆಗೆ ಅಗೆದ ಗುಂಡಿಗಳಲ್ಲಿ ಬಹಳಷ್ಟು ಖಾಲಿ ಸಿಗುತ್ತಿವೆ. ಹೊಲಗಳ ಮೇಲೆ ರಸ್ತೆ ಬಂದಿದೆ, ಕಟ್ಟಡ ಎದ್ದಿದೆ. 1974ರಲ್ಲಿ 20 ವರ್ಷದವರಾಗಿದ್ದವರಿಗೆ ಈಗ 70 ದಾಟಿದೆ. ಯಾವ ಬಾವಿಯಲ್ಲಿ ಯಾರಿದ್ದಾರೆ ಅನ್ನೋದು ಗೊತ್ತಿರುವವರು ಅವರೇ. ಅವರಲ್ಲಿ ಒಬ್ಬರು ಇವತ್ತು ಬಾಯಿ ಬಿಡಲು ಮನಸ್ಸು ಮಾಡಿದರೆ, ನಾಳೆ ಬೆಳಗ್ಗೆ ಅಲ್ಲಿ ಗುದ್ದಲಿ ಹಿಡಿದ ತಂಡ ಇರಬೇಕು, ಆ ತಂಡಕ್ಕೆ ಆ ತಿಂಗಳ ಸಂಬಳ ಆಗಿರಬೇಕು.